ಊರಿನ ಗಾಳಿಯ ಮೇಲೆ ಪ್ರಯೋಗ: ನಗರಕ್ಕೊಂದು ಹವಾಮಾನ ಪರೀಕ್ಷಾ ತಾಣ ಯಾಕೆ ಬೇಕು, ಅದು ಯಾರ ಕೈಲಿರಬೇಕು?

ಕಾರ್ಖಾನೆಯಿಂದ ವಿಷಾನಿಲ ಸೋರಿದಾಗ ಜನರಿಗೆ ಎದುರಾಗುವ ಮೊದಲ ಪ್ರಶ್ನೆ: ಯಾವ ಕಡೆ ಓಡಬೇಕು? 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ಇದಕ್ಕೆ ಉತ್ತರ ಹೇಳುವವರೇ ಇರಲಿಲ್ಲ. ಎಷ್ಟೋ ಜನ ಅನಿಲ ಸಾಗುತ್ತಿದ್ದ ದಿಕ್ಕಿಗೇ ಓಡಿದರು. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿದಾಗ ಸುತ್ತಲಿನ ಜನ ನಿದ್ದೆಯಲ್ಲಿದ್ದರು.

ಹೊಗೆ, ಅನಿಲ, ದೂಳು ಗಾಳಿಯಲ್ಲಿ ಹೇಗೆ ಹರಡುತ್ತವೆ ಅಂತ ಲೆಕ್ಕ ಹಾಕುವ ವಿಜ್ಞಾನ ಇದೆ. ಆದರೆ ಆ ಲೆಕ್ಕ ಹುಟ್ಟಿದ್ದು ನಗರದಲ್ಲಲ್ಲ. ನನ್ನ ಮಟ್ಟಿಗೆ ಇದು ಬರೀ ತಾಂತ್ರಿಕ ವಿಚಾರವೂ ಅಲ್ಲ. ಯಾರ ಜೀವದ ಲೆಕ್ಕ ಸರಿಯಾಗಿ ಹಾಕಲಾಗುತ್ತಿದೆ ಅನ್ನೋ ರಾಜಕೀಯ ಪ್ರಶ್ನೆಯೂ ಹೌದು.

ಹುಲ್ಲುಗಾವಲಿನಲ್ಲಿ ಹುಟ್ಟಿದ ಲೆಕ್ಕ

1956ರ ಬೇಸಿಗೆಯಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಓನೀಲ್ ಊರಿನ ಬಳಿ ‘ಪ್ರೇರಿ ಗ್ರಾಸ್’ ಎಂಬ ಪ್ರಯೋಗ ನಡೆಯಿತು. ಸಪಾಟಾದ ಹುಲ್ಲುಗಾವಲಿನಲ್ಲಿ, ನೆಲಮಟ್ಟದ ಹತ್ತಿರ ಸಲ್ಫರ್ ಡೈಆಕ್ಸೈಡ್ ಬಿಟ್ಟು, 50 ಮೀಟರ್‌ನಿಂದ 800 ಮೀಟರ್‌ವರೆಗೆ ಕಮಾನಿನಂತೆ ಉಪಕರಣಗಳನ್ನಿಟ್ಟು ಅಳೆದರು. ಇಂಥ ಸುಮಾರು 70 ಪ್ರಯೋಗಗಳಾದವು. 1961ರಲ್ಲಿ ಬ್ರಿಟನ್ನಿನ ಹವಾಮಾನ ವಿಜ್ಞಾನಿ ಫ್ರಾಂಕ್ ಪಾಸ್ಕ್ವಿಲ್, ಗಾಳಿಯ ವೇಗ, ಬಿಸಿಲು, ಮೋಡಗಳನ್ನು ನೋಡಿ ವಾತಾವರಣ ಎಷ್ಟು ಸ್ಥಿರವಾಗಿದೆ ಎಂದು ವಿಂಗಡಿಸುವ ವಿಧಾನ ಕೊಟ್ಟರು. ಇಂದಿನ ಎಷ್ಟೋ ಮಾದರಿಗಳ ಬೇರು ಇಲ್ಲಿದೆ. ನಮ್ಮ ದೇಶದ ಪರಿಸರ ಪರಿಣಾಮ ವರದಿಗಳಲ್ಲಿ ಕಾಣುವ ‘ಏರ್‌ಮಾಡ್’ ಎಂಬ ಕಂಪ್ಯೂಟರ್ ಮಾದರಿಯನ್ನು ಒರೆಗೆ ಹಚ್ಚಿದ ದತ್ತಾಂಶಗಳಲ್ಲೂ ಪ್ರೇರಿ ಗ್ರಾಸ್ ಒಂದು.

ಹುಲ್ಲುಗಾವಲಲ್ಲಿ ಗಾಳಿ ನೇರ ಸಾಗುತ್ತೆ. ನಗರದಲ್ಲಿ ಹಾಗಿಲ್ಲ. ಎರಡೂ ಬದಿ ಎತ್ತರದ ಕಟ್ಟಡಗಳಿರುವ ರಸ್ತೆ ಒಂದು ಕಣಿವೆಯಿದ್ದ ಹಾಗೆ. ಗಾಳಿ ಅದರೊಳಗೆ ಸುಳಿ ಸುತ್ತುತ್ತದೆ, ಹೊಗೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಶಾಖ ಬಿಡುವುದರಿಂದ ಮೇಲಿನ ಪದರಗಳ ಲೆಕ್ಕವೂ ಬದಲಾಗುತ್ತದೆ.

ಒಕ್ಲಹೋಮಾ ಸಿಟಿ ಕಲಿಸಿದ್ದೇನು?

ಹೀಗಾಗಿ ನಗರವನ್ನೇ ಪ್ರಯೋಗಶಾಲೆ ಮಾಡಿಕೊಳ್ಳುವ ಯೋಚನೆ ಬಂತು. 2000ದ ಅಕ್ಟೋಬರ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ, 2003ರ ಜುಲೈನಲ್ಲಿ ಒಕ್ಲಹೋಮಾ ಸಿಟಿಯಲ್ಲಿ ದೊಡ್ಡ ಪ್ರಯೋಗಗಳು ನಡೆದವು. ಎರಡನೆಯದರ ಹೆಸರು ‘ಜಾಯಿಂಟ್ ಅರ್ಬನ್ 2003’. ಹಗಲು-ರಾತ್ರಿ ಸೇರಿ 10 ಸುತ್ತು, ಊರಿನ ನಡುಮಧ್ಯೆ ಸಲ್ಫರ್ ಹೆಕ್ಸಾಫ್ಲೋರೈಡ್ ಬಿಟ್ಟು ಜಾಡು ಹಿಡಿದರು. ಇದು ವಿಷವಲ್ಲ, ವಾಸನೆಯೂ ಇಲ್ಲ. ಅತಿ ಕಡಿಮೆ ಪ್ರಮಾಣದಲ್ಲೂ ಅಳೆಯಬಹುದು. ಆದರೆ ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ 20 ಸಾವಿರಕ್ಕೂ ಹೆಚ್ಚು ಪಟ್ಟು ಪ್ರಬಲ. ಆದ್ದರಿಂದ ಅದನ್ನು ಬೇಕಾಬಿಟ್ಟಿ ಬಿಡುವಂತಿಲ್ಲ.

ಸಿಕ್ಕ ಉತ್ತರಗಳು ಹಳೇ ಲೆಕ್ಕವನ್ನು ಅಲುಗಾಡಿಸಿದವು. ಕಟ್ಟಡಗಳ ಸುಳಿಗೆ ಸಿಕ್ಕಿದ ಅನಿಲ ಗಾಳಿಗೆ ಎದುರು ದಿಕ್ಕಿಗೂ ಸರಿಯುತ್ತದೆ. ಎತ್ತರದ ಕಟ್ಟಡದ ಬೆನ್ನಿಗೆ ಮೇಲೇರುತ್ತದೆ. ಮೂಲ ನಿಂತ ಮೇಲೂ ಸಂದಿಗಳಲ್ಲಿ ಉಳಿಯುತ್ತದೆ. ‘ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ ನಿಲ್ಲಬೇಡಿ’ ಎಂಬಂಥ ಸರಳ ಸೂಚನೆ ನಗರದ ಒಳಗೆ ಸಾಲದು. ಲಂಡನ್ನಿನ ಮೇರಿಲ್‌ಬೋನ್ ರಸ್ತೆಯ ಒಂದು ಕೂಡುರಸ್ತೆಯಲ್ಲಿ ‘ಡ್ಯಾಪಲ್’ ಯೋಜನೆ ಇಂಥದ್ದೇ ಕೆಲಸ ಮಾಡಿತು.

‘ಹಂಚಿಕೊಂಡ’ ತಾಣ ಅಂದರೆ?

ಒಂದು ತಿಂಗಳ ಪ್ರಯೋಗ ಮುಗಿದ ಮೇಲೆ ಉಪಕರಣ ಬಿಚ್ಚಿಕೊಂಡು ಹೋದರೆ ಎಲ್ಲ ಋತುಗಳ ಕಥೆ ಸಿಗಲ್ಲ. ಅದಕ್ಕೇ ಶಾಶ್ವತ ತಾಣದ ವಿಚಾರ. ಹಲವು ಸಂಸ್ಥೆಗಳು ಸೇರಿ ಒಂದು ನಗರದಲ್ಲಿ ಗೋಪುರ, ತಾರಸಿ ಕೇಂದ್ರ, ರಾಡಾರ್, ಗಾಳಿಯ ಪದರ ಅಳೆಯುವ ಲೇಸರ್ ಉಪಕರಣ ಇಡುತ್ತವೆ. ಎಲ್ಲರೂ ಒಂದೇ ಮಾನದಂಡದಲ್ಲಿ ಅಳೆಯುತ್ತಾರೆ, ದತ್ತಾಂಶ ಎಲ್ಲರಿಗೂ ಸಿಗುತ್ತದೆ. ಅಗ್ನಿಶಾಮಕ ದಳಕ್ಕೆ ಬೇಕಾದ ಗಾಳಿಯ ಮಾಹಿತಿ, ಆಸ್ಪತ್ರೆಗೆ ಬೇಕಾದ ಮಾಲಿನ್ಯದ ಮಾಹಿತಿ, ಪಾಲಿಕೆಗೆ ಬೇಕಾದ ಮಳೆಯ ಮಾಹಿತಿ ಒಂದೇ ಜಾಲದಿಂದ ಬರುತ್ತದೆ. 2005ರಲ್ಲಿ ಶುರುವಾದ ‘ಹೆಲ್ಸಿಂಕಿ ಟೆಸ್ಟ್‌ಬೆಡ್’ ಇದಕ್ಕೆ ಒಳ್ಳೆಯ ಉದಾಹರಣೆ. ಫಿನ್ಲೆಂಡಿನ ಹವಾಮಾನ ಸಂಸ್ಥೆ ಮತ್ತು ಉಪಕರಣ ತಯಾರಿಸುವ ವೈಸಾಲಾ ಕಂಪನಿ ಜೊತೆಗೂಡಿ ನಡೆಸಿದ ಈ ಯೋಜನೆ, ಅಳತೆಗಳನ್ನು ಹೆಚ್ಚುಕಡಿಮೆ ಆ ಕ್ಷಣಕ್ಕೇ ಸಾರ್ವಜನಿಕರ ಮುಂದಿಟ್ಟಿತು.

ಸೇಂಟ್ ಲೂಯಿಸ್ ಮರೆಯುವಂತಿಲ್ಲ

ಇದೇ ವಿಜ್ಞಾನಕ್ಕೆ ಕರಾಳ ಮುಖವೂ ಇದೆ. 1953-54ರಲ್ಲಿ, ಮತ್ತೆ 1963-65ರಲ್ಲಿ ಅಮೆರಿಕದ ಸೇನೆ ಸೇಂಟ್ ಲೂಯಿಸ್ ನಗರದಲ್ಲಿ ಜಿಂಕ್ ಕ್ಯಾಡ್ಮಿಯಂ ಸಲ್ಫೈಡ್ ಪುಡಿಯನ್ನು ವಾಹನ ಮತ್ತು ತಾರಸಿಗಳಿಂದ ಹರಡಿಸಿತು. ಬಡವರು, ಅದರಲ್ಲೂ ಕಪ್ಪು ಸಮುದಾಯದವರು ಹೆಚ್ಚಿದ್ದ ಬಡಾವಣೆಗಳೂ ಇದರಲ್ಲಿದ್ದವು. ಜನರ ಒಪ್ಪಿಗೆ ಕೇಳಲಿಲ್ಲ. ನಗರದ ಅಧಿಕಾರಿಗಳಿಗೆ, ಶತ್ರು ವಿಮಾನಗಳಿಗೆ ಊರು ಕಾಣದಂತೆ ಹೊಗೆ ಪರದೆ ಹಾಕುವ ಪರೀಕ್ಷೆ ಇದು ಎಂದು ಹೇಳಲಾಗಿತ್ತು. 1997ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ, ಆ ಪ್ರಮಾಣದಿಂದ ಆರೋಗ್ಯಕ್ಕೆ ಹಾನಿಯಾಗಿದ್ದಕ್ಕೆ ಪುರಾವೆ ಇಲ್ಲ ಅಂದಿತು. ಇರಬಹುದು. ಆದರೆ ಹಾನಿಯಾಗಲಿಲ್ಲ ಅನ್ನೋದು ಒಪ್ಪಿಗೆಗೆ ಬದಲಿಯಾಗಲಾರದು. 2013ರಲ್ಲಿ ನ್ಯೂಯಾರ್ಕ್ ಸುರಂಗ ರೈಲಿನಲ್ಲಿ ಅಪಾಯವಿಲ್ಲದ ಅನಿಲ ಬಿಟ್ಟು ಪರೀಕ್ಷಿಸುವ ಮೊದಲೇ ಪೊಲೀಸರು ಅದನ್ನು ಬಹಿರಂಗವಾಗಿ ಪ್ರಕಟಿಸಿದರು. ಕನಿಷ್ಠ ಅಷ್ಟಾದರೂ ಆಗಲೇಬೇಕು.

ನಮ್ಮಲ್ಲಿ ಏನಿದೆ, ಏನು ಕೇಳಬೇಕು?

ಭಾರತದಲ್ಲಿ ಬುನಾದಿ ಇದೆ. 2015ರಿಂದ ದೆಹಲಿ ವಿಮಾನ ನಿಲ್ದಾಣದಲ್ಲಿ ಚಳಿಗಾಲದ ಮಂಜಿನ ಅಧ್ಯಯನ ನಡೆದಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಮಧ್ಯಪ್ರದೇಶದ ಸಿಲ್ಖೇಡಾದಲ್ಲಿ ವಾತಾವರಣ ಪರೀಕ್ಷಾ ತಾಣ ಕಟ್ಟಿದೆ. ಅದರ ಗಮನ ಮುಖ್ಯವಾಗಿ ಮುಂಗಾರಿನ ಮೋಡಗಳ ಮೇಲೆ, ಜಾಗ ಬಯಲು. ನಮ್ಮ ರಾಜ್ಯದಲ್ಲಿ ಕೆಎಸ್‌ಎನ್‌ಡಿಎಂಸಿ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳ ಜಾಲ ಹಬ್ಬಿಸಿದೆ. ‘ವರುಣಮಿತ್ರ’ಕ್ಕೆ ಫೋನ್ ಮಾಡಿದರೆ ರೈತರಿಗೆ ಮಾಹಿತಿ ಸಿಗುತ್ತೆ. ಅಳತೆಯನ್ನು ಜನರಿಗೆ ತಲುಪಿಸೋದು ಅಸಾಧ್ಯವಲ್ಲ ಅಂತ ಇದೇ ತೋರಿಸುತ್ತದೆ. ಇದೇ ಮನಸ್ಸು ನಗರದ ಗಾಳಿಯ ವಿಷಯದಲ್ಲೂ ಬೇಕು. ಕೈಗಾರಿಕಾ ಪ್ರದೇಶಗಳಿಗೆ ಅಂಟಿಕೊಂಡೇ ಮನೆಗಳಿರುವ ಊರುಗಳಲ್ಲಂತೂ ಮೊದಲು ಬೇಕು.

ಅಂಥ ತಾಣಕ್ಕೆ ನಾನು ಇಡುವ ಷರತ್ತುಗಳು ನಾಲ್ಕು:

1. ಹಲವು ವರ್ಷಗಳ ಖಚಿತ ಅನುದಾನ. ಉದ್ಘಾಟನೆಯ ಫೋಟೋ ತೆಗೆಸಿಕೊಂಡು ಉಪಕರಣಕ್ಕೆ ತುಕ್ಕು ಹಿಡಿಸಬಾರದು.
2. ದತ್ತಾಂಶ ಎಲ್ಲರಿಗೂ ಮುಕ್ತ, ವಿವರಣೆ ಕನ್ನಡದಲ್ಲೂ ಇರಬೇಕು.
3. ಯಾವ ಅನಿಲ, ಎಷ್ಟು, ಎಲ್ಲಿ, ಯಾವಾಗ ಬಿಡುತ್ತಾರೆ ಅನ್ನೋದು ಮೊದಲೇ ವಾರ್ಡಿನ ಜನರಿಗೆ ಗೊತ್ತಿರಬೇಕು. ಬೇಡ ಎನ್ನುವ ಹಕ್ಕೂ ಅವರಿಗಿರಬೇಕು.
4. ಅಪಾಯದ ಹತ್ತಿರ ಬದುಕುವವರಿಗೇ ಮೊದಲ ಎಚ್ಚರಿಕೆ ತಲುಪಬೇಕು.

ಅಲ್ಲಿಯವರೆಗೆ ಸುಮ್ಮನೆ ಕೂರಬೇಕಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ನಿಮ್ಮೂರಿನಲ್ಲಿ ಅಂಥ ವಿಚಾರಣೆ ನಡೆದರೆ ಹೋಗಿ, ಮೂರು ಪ್ರಶ್ನೆ ಕೇಳಿ: ಗಾಳಿಯ ಅಳತೆ ಯಾವ ಕೇಂದ್ರದ್ದು? ಎಷ್ಟು ಋತುಗಳದ್ದು? ಸುತ್ತಲಿನ ಕಟ್ಟಡಗಳನ್ನು ಲೆಕ್ಕಕ್ಕೆ ತಗೊಂಡಿದ್ದೀರಾ? ಬಹಳಷ್ಟು ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ ಅಳತೆ ಸಾಕು ಅನ್ನೋದು ರೂಢಿಯಾಗಿದೆ. ಮಳೆಗಾಲದಲ್ಲೂ ನಾವು ಉಸಿರಾಡುತ್ತೇವಲ್ಲ? ಈ ಪ್ರಶ್ನೆಗಳಿಗೆ ಕೊಟ್ಟ ಉತ್ತರ ವಿಚಾರಣೆಯ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.