ಸರ್ ಎ. ಟಿ. ಪನ್ನೀರ್‌ಸೆಲ್ವಂ: ಮದ್ರಾಸು ಪ್ರಾಂತ್ಯದ ಕಥೋಲಿಕ ಮಂತ್ರಿ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವಾಲಯ ಕಟ್ಟಿಸಿದ ಗುರುಗಳ, ಭೂಮಿ ನೀಡಿದ ದಾನಿಗಳ ಹೆಸರುಗಳು ಬರುವುದು ಸಹಜ. ತಂಜಾವೂರಿನ ರಾಜಕಾರಣಿಯೊಬ್ಬರಿಗೆ ಇಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ದಕ್ಷಿಣ ಕನ್ನಡ ಜಿಲ್ಲೆಯು 1956ರ ನವೆಂಬರ್ 1ರಂದು ಕನ್ನಡನಾಡಿನೊಡನೆ ಕೂಡುವವರೆಗೆ ಮದ್ರಾಸಿಗೆ ಸೇರಿತ್ತು. ನಮ್ಮ ಹಿರಿಯರ ಭೂಕಂದಾಯ, ನಮ್ಮ ಶಾಲೆಗಳ ಅನುದಾನ ಎಲ್ಲವೂ ಅಲ್ಲಿಯ ಕೋಟೆಯಲ್ಲಿಯೇ ನಿರ್ಣಯವಾಗುತ್ತಿದ್ದವು. ಆ ಪ್ರಾಂತ್ಯದ ಬೊಕ್ಕಸವೂ ಪೊಲೀಸು ಖಾತೆಯೂ 1937ರಲ್ಲಿ ಮೂರೂವರೆ ತಿಂಗಳ ಕಾಲ ಒಬ್ಬ ಕಥೋಲಿಕರ ಕೈಯಲ್ಲಿದ್ದವೆಂಬುದು ಈಗ ಬಹುಮಂದಿಗೆ ತಿಳಿಯದು.

1888ರ ಜೂನ್ 1ರಂದು ತಂಜಾವೂರು ಸೀಮೆಯ ಪೆರುಂಪಣ್ಣೈಯೂರಿನಲ್ಲಿ ಹುಟ್ಟಿದ ಇವರು ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಪದವಿ ಪಡೆದು ಮರಳಿ, ಜಸ್ಟಿಸ್ ಪಕ್ಷವನ್ನು ಸೇರಿದರು. ತಂಜಾವೂರು ಜಿಲ್ಲಾ ಬೋರ್ಡಿನ ಅಧ್ಯಕ್ಷರಾದರು. ಆಗಿನ ಅವರ ಒಂದು ಕೆಲಸವು ನಮಗೆ ಬಹಳ ಹಿಡಿಸುತ್ತದೆ. ತಿರುವೈಯಾರಿನಲ್ಲಿ ಅರಸರ ಕಾಲದ ದತ್ತಿಯಿಂದ ನಡೆಯುತ್ತಿದ್ದ ಕಾಲೇಜಿನಲ್ಲಿ ಸಂಸ್ಕೃತವೊಂದನ್ನೇ ಕಲಿಸುತ್ತಿದ್ದರು. ಪನ್ನೀರ್‌ಸೆಲ್ವಂ ಅವರು ಭಾಷಣ ಬಿಗಿಯುವ ಬದಲು ದತ್ತಿಯ ಮೂಲಪತ್ರವನ್ನು ತರಿಸಿ ಓದಿಸಿದರು. ದತ್ತಿಯು ವಿದ್ಯೆಗೆಂದು ಇತ್ತೇ ಹೊರತು ಸಂಸ್ಕೃತಕ್ಕೆ ಮಾತ್ರ ಎಂಬ ನಿರ್ಬಂಧ ಅದರಲ್ಲಿರಲಿಲ್ಲ. ಹೀಗಾಗಿ ಅಲ್ಲಿ ತಮಿಳಿಗೂ ಸ್ಥಾನ ದೊರೆಯಿತು. ಕಾಗದಪತ್ರಗಳನ್ನು ಪೆಟ್ಟಿಗೆಯಲ್ಲಿ ಪೂಜಿಸುವುದಕ್ಕಿಂತ ತೆರೆದು ಓದುವುದು ಲೇಸೆಂಬುದನ್ನು ನಮ್ಮ ಆಸ್ತಿ ಸಮಿತಿಗಳೂ ಬಲ್ಲವು.

ಅವರ ಬಾಳಿನಲ್ಲಿ ಇಂದಿಗೂ ಚರ್ಚೆಗೆ ಎಡೆಗೊಡುವ ಸಂಗತಿ ಲಂಡನ್ನಿನಲ್ಲಿ ನಡೆಯಿತು. 1931ರ ಎರಡನೆಯ ದುಂಡುಮೇಜಿನ ಪರಿಷತ್ತಿಗೆ ಭಾರತೀಯ ಕ್ರೈಸ್ತರ ಪರವಾಗಿ ಇಬ್ಬರು ಹೋಗಿದ್ದರು: ಒಬ್ಬರು ಪನ್ನೀರ್‌ಸೆಲ್ವಂ, ಇನ್ನೊಬ್ಬರು ಪ್ರೊಟೆಸ್ಟೆಂಟರಾದ ಡಾ. ಎಸ್. ಕೆ. ದತ್ತ. ಇಬ್ಬರೂ ಭಿನ್ನ ದಾರಿ ಹಿಡಿದರು. ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರಗಳು ಬೇಕೆಂದು ಪನ್ನೀರ್‌ಸೆಲ್ವಂ ಅವರು ಆಗಾ ಖಾನ್, ಡಾ. ಅಂಬೇಡ್ಕರ್ ಮೊದಲಾದವರೊಡನೆ ಅಲ್ಪಸಂಖ್ಯಾತರ ಒಪ್ಪಂದಕ್ಕೆ ರುಜು ಹಾಕಿದರು. ದತ್ತ ಅವರು ಅದನ್ನು ವಿರೋಧಿಸಿದರು. ಮುಂದೆ 1935ರ ಕಾಯಿದೆಯ ಪ್ರಕಾರ ಮದ್ರಾಸು ಶಾಸನಸಭೆಯ 215 ಸ್ಥಾನಗಳಲ್ಲಿ 8 ಭಾರತೀಯ ಕ್ರೈಸ್ತರಿಗೆ ಮೀಸಲಾದವು.

ಚದುರಿ ಬಾಳುವ ಸಣ್ಣ ಸಮುದಾಯಕ್ಕೆ ಬೇರೆ ರೀತಿಯಲ್ಲಿ ಒಂದು ಸ್ಥಾನವಾದರೂ ದಕ್ಕೀತೇ ಎಂಬ ಭಯ ಅವರದು. ಅದನ್ನು ಹಗುರವಾಗಿ ಕಾಣಲಾಗದು. ಆದರೂ ದತ್ತ ಅವರೇ ಹೆಚ್ಚು ದೂರ ಕಂಡವರೆಂದು ನಾವು ಭಾವಿಸುತ್ತೇವೆ. ಕ್ರೈಸ್ತ ಅಭ್ಯರ್ಥಿಯು ಕ್ರೈಸ್ತರ ಮತವನ್ನಷ್ಟೇ ಕೇಳಿದರೆ ಸಾಕೆಂದಾದಾಗ, ನೆರೆಯ ಹಿಂದೂ ಅಭ್ಯರ್ಥಿಯು ನಮ್ಮ ದೇವಾಲಯದ ಅಂಗಳಕ್ಕೆ ಬಂದು ನಮ್ಮ ಕಷ್ಟ ವಿಚಾರಿಸುವ ಅಗತ್ಯವೂ ಇರುವುದಿಲ್ಲ. ಎಂಟು ಜನ ನಮ್ಮವರಾದರು, ಉಳಿದವರಿಗೆ ನಾವು ಯಾರೂ ಅಲ್ಲದಾದೆವು.

1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು 159 ಸ್ಥಾನ ಗೆದ್ದು ಜಸ್ಟಿಸ್ ಪಕ್ಷ ನೆಲಕಚ್ಚಿತು. ಆದರೆ ರಾಜ್ಯಪಾಲರ ವಿಶೇಷಾಧಿಕಾರಗಳ ವಿಷಯದಲ್ಲಿ ತಕರಾರೆದ್ದು ಕಾಂಗ್ರೆಸ್ಸು ಅಧಿಕಾರ ಒಲ್ಲೆನೆಂದಿತು. ಆಗ ಏಪ್ರಿಲ್ 1ರಂದು ಕೂರ್ಮಾ ವೆಂಕಟರೆಡ್ಡಿ ನಾಯ್ಡು ಅವರ ಹಂಗಾಮಿ ಮಂತ್ರಿಮಂಡಲ ರಚನೆಯಾಗಿ, ಗೃಹ ಮತ್ತು ಹಣಕಾಸು ಖಾತೆಗಳು ಪನ್ನೀರ್‌ಸೆಲ್ವಂ ಅವರಿಗೆ ಬಂದವು. ಪರಿಶಿಷ್ಟರ ನಾಯಕ ಎಂ. ಸಿ. ರಾಜಾ ಅವರೂ ಮುಸ್ಲಿಮರಾದ ಕಲೀಫುಲ್ಲಾ ಸಾಹೇಬರೂ ಅದರಲ್ಲಿದ್ದರು. ಬಹುಮತವಿಲ್ಲದ ಆ ಸರಕಾರ ಜುಲೈ 14ರಂದು ಕೊನೆಗೊಂಡು ರಾಜಾಜಿಯವರು ಬಂದರು. ಮಂತ್ರಿಯಾಗಿ ಹೆಚ್ಚೇನೂ ಸಾಧಿಸಲು ಅವಕಾಶವಿರಲಿಲ್ಲ.

ಅವರ ದೊಡ್ಡ ಹೋರಾಟ ವಿರೋಧ ಪಕ್ಷದಲ್ಲಿ ಕುಳಿತಾಗಲೇ ನಡೆಯಿತು. 1938ರ ಏಪ್ರಿಲ್‌ನಲ್ಲಿ ರಾಜಾಜಿ ಸರಕಾರವು 125 ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದಾಗ ತಮಿಳುನಾಡು ಕೆರಳಿತು. ಸಾವಿರಕ್ಕೂ ಮಿಕ್ಕಿ ಜನ ಸೆರೆಮನೆ ಕಂಡರು. ನಟರಾಜನ್, ತಾಳಮುತ್ತು ಎಂಬ ಇಬ್ಬರು ತರುಣರು ಸೆರೆವಾಸದಲ್ಲಿದ್ದಾಗಲೇ ಅಸ್ವಸ್ಥರಾಗಿ ಪ್ರಾಣಬಿಟ್ಟರು. ಪನ್ನೀರ್‌ಸೆಲ್ವಂ ಅವರು ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಜಸ್ಟಿಸ್ ಪಕ್ಷವು ಸೆರೆಯಲ್ಲಿದ್ದ ಪೆರಿಯಾರರನ್ನು ಅಧ್ಯಕ್ಷರನ್ನಾಗಿ ಆರಿಸಿದಾಗ, ಅವರ ಅಧ್ಯಕ್ಷ ಭಾಷಣವನ್ನು ಸಮ್ಮೇಳನದಲ್ಲಿ ಓದಿದವರು ಇವರೇ.

ದೇವರನ್ನೇ ಅಲ್ಲಗಳೆದ ಪೆರಿಯಾರರೊಡನೆ ಕಥೋಲಿಕರೊಬ್ಬರು ಒಂದೇ ವೇದಿಕೆ ಏರಬಹುದೇ? ಆ ಕಾಲದ ಗುರುಮಠಗಳಲ್ಲಿ ಈ ಪ್ರಶ್ನೆಗೆ ಥಟ್ಟನೆ ‘ಕೂಡದು’ ಎಂಬ ಉತ್ತರ ಬರುತ್ತಿತ್ತು. ನಾವು ಅಷ್ಟು ಅವಸರಪಡಲಾರೆವು. ಅವರಿಬ್ಬರನ್ನು ಕೂಡಿಸಿದ್ದು ನಾಸ್ತಿಕವಾದವಲ್ಲ. ತಾಯ್ನುಡಿಯ ಅಭಿಮಾನ, ಜಾತಿಯ ಮೇಲುಕೀಳಿನ ದ್ವೇಷ. ಜನರ ನುಡಿಗೆ ಬಲಿಪೂಜೆಯಲ್ಲಿ ಎಡೆಕೊಟ್ಟ ದ್ವಿತೀಯ ವ್ಯಾಟಿಕನ್ ಮಹಾಸಭೆಗೆ ಆಗಿನ್ನೂ ಕಾಲು ಶತಮಾನವಿತ್ತು. ಲತೀನಿನಲ್ಲಿ ಪೂಜೆ ಕೇಳಿ ಮನೆಗೆ ಬಂದವರು ಮಕ್ಕಳ ಪಾಠ ಯಾವ ನುಡಿಯಲ್ಲಿರಬೇಕೆಂದು ಬೀದಿಗಿಳಿದರೆಂಬುದು ನಮಗೆ ಸೋಜಿಗವೆನಿಸುತ್ತದೆ.

1940ರ ಫೆಬ್ರವರಿ 21ರಂದು ರಾಜ್ಯಪಾಲ ಎರ್ಸ್ಕಿನ್ ಅವರು ಕಡ್ಡಾಯ ಹಿಂದಿಯನ್ನು ಹಿಂತೆಗೆದರು. ಭಾರತ ಕಾರ್ಯದರ್ಶಿಯ ಸಲಹೆಗಾರರಾಗಿ ನೇಮಕಗೊಂಡಿದ್ದ ಸರ್ ಪನ್ನೀರ್‌ಸೆಲ್ವಂ ಆ ಹೊತ್ತಿಗೆ ಲಂಡನ್ ಪಯಣದ ಸಿದ್ಧತೆಯಲ್ಲಿದ್ದರು. ಒಂಬತ್ತು ದಿನಗಳ ಬಳಿಕ, ಮಾರ್ಚ್ 1ರಂದು, ಅವರಿದ್ದ ‘ಹ್ಯಾನಿಬಾಲ್’ ವಿಮಾನವು ಒಮಾನ್ ಕೊಲ್ಲಿಯ ಮೇಲೆ ಶಾರ್ಜಾದತ್ತ ಹಾರುತ್ತಿರುವಾಗ ಕಣ್ಮರೆಯಾಯಿತು. ಅದರಲ್ಲಿದ್ದ ಎಂಟು ಜನರಲ್ಲಿ ಒಬ್ಬರ ದೇಹವೂ ಸಿಗಲಿಲ್ಲ. ಕಥೋಲಿಕ ಮಂತ್ರಿಗೆ ಮಂತ್ರಿಸಿದ ಮಣ್ಣಿನ ಸಮಾಧಿಯೂ ದೊರೆಯಲಿಲ್ಲ.

ಅವರು ರುಜು ಹಾಕಿ ಪಡೆದ ಮೀಸಲು ಸ್ಥಾನಗಳ ಕಥೆ ಮುಗಿದದ್ದು 1949ರ ಮೇ ತಿಂಗಳಲ್ಲಿ, ಸಂವಿಧಾನ ಸಭೆಯಲ್ಲಿ. ಬಂಗಾಳದ ಕ್ರೈಸ್ತ ನಾಯಕ ಎಚ್. ಸಿ. ಮುಖರ್ಜಿಯವರೊಡನೆ ಮೀಸಲಾತಿಯನ್ನು ತಾವಾಗಿ ಬಿಟ್ಟುಕೊಡುವ ಪಕ್ಷದಲ್ಲಿ ನಿಂತವರು ಮಂಗಳೂರಿನಲ್ಲೇ ಹುಟ್ಟಿದ ಯೇಸುಸಭೆಯ ಸ್ವಾಮಿ ಜೆರೋಮ್ ಡಿಸೋಜ. ಅವರು ಅಲ್ಲಿ ಕುಳಿತದ್ದೂ ಮದ್ರಾಸು ಪ್ರಾಂತ್ಯದ ಪ್ರತಿನಿಧಿಯಾಗಿಯೇ.