ಮಹಾವಿಷ್ಣುವಿನ ಮೊದಲ ಐವರು
ಮೃದಂಗ ಕಲಿತವನು ನಾನು. ಏನೇ ಕೇಳಿದರೂ ಕೈ ತಾನಾಗಿ ತಾಳ ಹಾಕುತ್ತದೆ. ಮಹಾವಿಷ್ಣು ಆರ್ಕೆಸ್ಟ್ರಾ ತಂಡದ ‘ಬರ್ಡ್ಸ್ ಆಫ್ ಫೈರ್’ ಶುರುವಾಗುವುದು ಜಾಗಟೆಯಂಥ ಗಾಂಗ್‌ನ ಮೊಳಗಿನಿಂದ. ಬೆನ್ನಿಗೇ ಗಿಟಾರು, 18 ಎಣಿಕೆಯ ಆವರ್ತ, ಅದರ ಮೇಲೆ ಜೆರ್ರಿ ಗುಡ್‌ಮನ್ ಪಿಟೀಲು. ಬಿಲಿ ಕಾಬಮ್ ಅವರ ಡ್ರಮ್ಸ್ ಆ ಲೆಕ್ಕವನ್ನು ಎಲ್ಲೂ ಸಡಿಲ ಬಿಡುವುದಿಲ್ಲ.

ಮೈಲ್ಸ್ ಡೇವಿಸ್ ಜೊತೆ ನುಡಿಸಿದ್ದ ಇಂಗ್ಲಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1971ರಲ್ಲಿ ನ್ಯೂಯಾರ್ಕ್‌ನಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು. ‘ಮಹಾವಿಷ್ಣು’ ಎಂಬ ಹೆಸರು ಅವರಿಗೆ ಗುರು ಶ್ರೀ ಚಿನ್ಮಯ್ ಕೊಟ್ಟದ್ದು. ಕಾಬಮ್ ಪನಾಮಾದಲ್ಲಿ ಹುಟ್ಟಿದವರು, ಕೀಬೋರ್ಡಿನ ಯಾನ್ ಹಾಮರ್ ಪ್ರಾಗ್‌ನವರು, ಬಾಸ್‌ನ ರಿಕ್ ಲೇರ್ಡ್ ಐರ್ಲೆಂಡಿನವರು, ಗುಡ್‌ಮನ್ ಅಮೆರಿಕದವರು.

ಮೊದಲೆರಡು ಆಲ್ಬಮ್‌ಗಳ ಕೃತಿಗಳೆಲ್ಲ ಮೆಕ್‌ಲಾಫ್ಲಿನ್ ಅವರವೇ. ಉಳಿದವರಿಗೂ ಹೇಳಲು ಸ್ವಂತದ್ದಿತ್ತು. 1973ರಲ್ಲಿ ಲಂಡನ್ನಿನಲ್ಲಿ ಮುದ್ರಿಸಿಕೊಂಡ ಹಾಡುಗಳಲ್ಲಿ ಹಾಮರ್, ಗುಡ್‌ಮನ್, ಲೇರ್ಡ್ ರಚನೆಗಳೂ ಇದ್ದವು. ಆದರೆ ಮನಸ್ತಾಪ ಬೆಳೆದು, ಆ ವರ್ಷದ ಕೊನೆಗೆ ತಂಡ ಒಡೆಯಿತು. ಟೇಪುಗಳು ಹೊರಬಂದದ್ದು 1999ರಲ್ಲಿ. ಅವನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ: ಐವರಲ್ಲಿ ನಾಲ್ವರು ಬರೆಯುವ ತಂಡವೊಂದು ಆಗತಾನೇ ಹುಟ್ಟುತ್ತಿತ್ತು.

1974ರಲ್ಲಿ ಹೊಸ, ದೊಡ್ಡ ತಂಡ: ಪಿಟೀಲಿಗೆ ಜಾನ್ ಲೂಕ್ ಪಾಂಟಿ, ಡ್ರಮ್ಸ್‌ಗೆ ನಾರದ ಮೈಕೆಲ್ ವಾಲ್ಡನ್. ಲಂಡನ್ ಸಿಂಫನಿ ಜೊತೆಗಿನ ‘ಅಪೊಕಲಿಪ್ಸ್’ ಭವ್ಯವೇ, ಆದರೆ ಆ ಐವರ ಜಟಾಪಟಿ ನನಗೆ ಅಲ್ಲಿ ಸಿಗಲಿಲ್ಲ.

ಅದು ಸಿಕ್ಕಿದ್ದು ಮೆಕ್‌ಲಾಫ್ಲಿನ್ ಅವರ ಇನ್ನೊಂದು ತಂಡ ‘ಶಕ್ತಿ’ಯಲ್ಲಿ. ಅಲ್ಲಿ ಅವರ ಎದುರು ಕೂತವರು ಎಲ್. ಶಂಕರ್, ಜಾಕಿರ್ ಹುಸೇನ್ ಮತ್ತು ಘಟದ ವಿಕ್ಕು ವಿನಾಯಕರಾಂ.