ಬಾವಿ ಯಾರ ರೊಕ್ಕದ್ದು?

ನಮ್ಮ ಸಾಹಿತ್ಯ ವಿಮರ್ಶೆಗೆ ನೀರು ಯಾವತ್ತೂ ಒಂದು ರೂಪಕ. ವಚನದಲ್ಲಿ ಬಂದರೆ ಅನುಭಾವ, ನವೋದಯದಲ್ಲಿ ಬಂದರೆ ಜೀವಚೈತನ್ಯ, ನವ್ಯದಲ್ಲಿ ಬಂದರೆ ಸುಪ್ತಪ್ರಜ್ಞೆ. ಎಂ.ಎ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕವೂ ಬೀಳುತ್ತವೆ. ಆದರೆ ಕೇರಿಯಲ್ಲಿ ಹುಟ್ಟಿದವರಿಗೆ ನೀರು ಮೊದಲು ಒಂದು ಪಾಳಿ, ರೂಪಕ ಆಮೇಲಿನ ಮಾತು. ನಮ್ಮಾಯಿ ಹೇಳುತ್ತಿದ್ದಳು: "ನೀರಿಗೆ ಹೋಗೂದಲ್ಲೋ ತಮ್ಮಾ, ನೀರ ಬೇಡಾಕ ಹೋಗೂದು." ಬಾವಿಯ ಕಟ್ಟೆಯಿಂದ ದೂರ ಕೊಡ ಇಟ್ಟು, ಯಾರಾದರೂ ಬಂದು ಸೇದಿ ಎತ್ತರದಿಂದ ಸುರಿಯುವ ತನಕ ಕೂಡಬೇಕು. ಕೆರೆಯಾದರೆ ದನ ಮೈತೊಳೆಯುವ ಕಡೆ ನಮ್ಮ ದಾರಿ. ಹಳ್ಳವಾದರೆ ಹರಿವಿನ ಕೆಳಗೆ. ದಲಿತ ವಿಮರ್ಶೆ ಕವಿತೆ ಕಾದಂಬರಿಗಳನ್ನು ಓದಿದಷ್ಟೇ ಗಟ್ಟಿಯಾಗಿ ಠರಾವು, ಕಾಯ್ದೆ, ತೀರ್ಪುಗಳನ್ನೂ ಓದಬೇಕೆಂದು ನಾನು ಹೇಳುವುದು ಇದಕ್ಕೇ. ನಮ್ಮ ಕೊಡದ ಚರಿತ್ರೆ ಅಲ್ಲಿ ದಾಖಲಾಗಿದೆ.

ಸಂಪಗಾಂವ ಈಗ ಬೈಲಹೊಂಗಲ ತಾಲೂಕಿನ ಒಂದು ಊರು. ಮುಂಬೈ ಇಲಾಖೆಯ ಕಾಲದಲ್ಲಿ ಅದು ಇಡೀ ತಾಲೂಕಿನ ಹೆಸರಾಗಿತ್ತು, ಕಚೇರಿ ಮಾತ್ರ ಬೈಲಹೊಂಗಲದಲ್ಲಿ. ಕಿತ್ತೂರು ಅದರೊಳಗೇ ಇತ್ತು. ಸವದತ್ತಿಯದು ಪರಸಗಡ ತಾಲೂಕು. ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನ. ಇದನ್ನೆಲ್ಲ ಹೇಳಲು ಕಾರಣವಿದೆ. 1923ರ ಆಗಸ್ಟ್ 4ರಂದು ಮುಂಬೈ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ಮಂಡಿಸಿದ ಠರಾವು ಪಾಸಾಯಿತು. ಸಾರ್ವಜನಿಕ ಹಣದಲ್ಲಿ ಕಟ್ಟಿದ, ನಡೆಸುವ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು ಅದು ಹೇಳಿತು. ಸಂಪಗಾಂವದ ಬಾವಿಗೂ ಈ ಮಾತು ಅನ್ವಯ, ಸವದತ್ತಿಯ ಬಾವಿಗೂ ಅನ್ವಯ. ರಾಮದುರ್ಗಕ್ಕೆ ಅಲ್ಲ. ಒಂದೇ ಮಲಪ್ರಭೆ, ಎರಡು ರಾಜ್ಯ. ಆದರೆ ಕೊಡ ಹೊತ್ತವಳಿಗೆ ಎರಡೂ ಕಡೆ ಒಂದೇ ಕಾಯ್ದೆ, ಅದು ಊರಿನದು. ಪರಿಷತ್ತೇ ತನ್ನ ಮಾತು ಯಾರೂ ಕೇಳಲಿಲ್ಲ ಎಂದು ಒಪ್ಪಿಕೊಂಡಂತೆ 1926ರಲ್ಲಿ ಮತ್ತೊಂದು ಠರಾವು ಮಾಡಬೇಕಾಯಿತು: ಪಾಲಿಸದ ಮುನಸಿಪಾಲ್ಟಿಗಳಿಗೆ ಅನುದಾನ ಕೊಡಬಾರದು.

ಈ ನಡುವೆ ಬೆಳಗಾವಿ ಜಿಲ್ಲೆಯಲ್ಲಿ ಎರಡು ಸಭೆಗಳು ನಡೆದವು. 1924ರ ಡಿಸೆಂಬರ್‌ನಲ್ಲಿ ಗಾಂಧಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ. ಅಧ್ಯಕ್ಷ ಭಾಷಣದಲ್ಲಿ ಅಸ್ಪೃಶ್ಯತಾ ನಿವಾರಣೆಯ ಮಾತಿತ್ತು. ಬಂದ ಜನರ ನೀರಿಗಾಗಿ ಟಿಳಕವಾಡಿಯಲ್ಲಿ ತೋಡಿದ ಬಾವಿಗೆ ಪಂಪಾ ಸರೋವರ ಎಂದು ಹೆಸರಿಟ್ಟರು. ಕಾಂಗ್ರೆಸ್ ಬಾವಿ ಎಂದರೆ ಈಗಲೂ ತೋರಿಸುತ್ತಾರೆ. ನಾಲ್ಕು ತಿಂಗಳೊಳಗೆ, 1925ರ ಏಪ್ರಿಲ್‌ನಲ್ಲಿ, ಅದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಬಹಿಷ್ಕೃತರ ಪ್ರಾಂತೀಯ ಪರಿಷತ್ತು ಸೇರಿತು. ಅಧ್ಯಕ್ಷರು ಡಾ. ಅಂಬೇಡ್ಕರ್. ನಮ್ಮ ಪಠ್ಯಪುಸ್ತಕಗಳು ಮೊದಲನೆಯದನ್ನು ಫೋಟೋ ಸಮೇತ ಹೇಳುತ್ತವೆ. ಎರಡನೆಯದಕ್ಕೆ ಒಂದು ಸಾಲೂ ಸಿಗುವುದು ಕಷ್ಟ.

ಮಹಾಡದ ಕತೆ ಈ ಪತ್ರಿಕೆಯ ಓದುಗರಿಗೆ ಗೊತ್ತಿದ್ದದ್ದೇ. 1927ರ ಮಾರ್ಚ್ 20ರಂದು ಚವದಾರ ಕೆರೆಯ ನೀರು ಮುಟ್ಟಿದ ಮೇಲೆ ಸವರ್ಣೀಯರು 108 ಮಡಕೆಗಳಲ್ಲಿ ಹಾಲು, ಮೊಸರು, ಸಗಣಿ, ಗಂಜಲ ಸುರಿದು ಕೆರೆಯನ್ನು "ಶುದ್ಧ" ಮಾಡಿದರು. ನನಗೆ ಮುಖ್ಯವೆನಿಸುವುದು ಆಮೇಲಿನ ಹತ್ತು ವರ್ಷದ ಕೋರ್ಟು. 1937ರ ಮಾರ್ಚ್ 17ರಂದು ಮುಂಬೈ ಹೈಕೋರ್ಟು ಅಂಬೇಡ್ಕರರ ಪರ ತೀರ್ಪು ಕೊಟ್ಟಿತು. ಕೊಟ್ಟ ನ್ಯಾಯಮೂರ್ತಿಗಳಲ್ಲೊಬ್ಬರು ಬ್ರೂಮ್‌ಫೀಲ್ಡ್, 1922ರಲ್ಲಿ ಗಾಂಧಿಗೆ ಆರು ವರ್ಷದ ಸಜಾ ಹಾಕಿದವರೇ. ತೀರ್ಪನ್ನು ಬಿಚ್ಚಿ ನೋಡಿದರೆ ಒಳಗೆ ಸಮಾನತೆಯ ಮಾತಿಲ್ಲ. ಅನಾದಿ ಕಾಲದ ರೂಢಿ ಎಂದು ಸವರ್ಣೀಯರು ಸಾಬೀತು ಮಾಡಲಿಲ್ಲ, ಆದ್ದರಿಂದ ಸೋತರು, ಅಷ್ಟೇ. ಮನುಷ್ಯ ನೀರು ಕುಡಿಯಬಹುದೇ ಎಂಬ ಪ್ರಶ್ನೆ ರೂಢಿ ಎಷ್ಟು ಹಳೆಯದು ಎಂಬ ಪ್ರಶ್ನೆಯೊಳಗೆ ಮುಚ್ಚಿಹೋಯಿತು.

ಬೋಲೆ ಠರಾವಿನ "ಸಾರ್ವಜನಿಕ ಹಣ" ಎಂಬ ಮಾತನ್ನು ಇಲ್ಲಿ ನಿಂತು ನೋಡಬೇಕು. ಸಂವಿಧಾನದ 15(2)ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರಿದೆ. ಅಲ್ಲೂ ಸರ್ಕಾರದ ಹಣದಿಂದ ನಡೆಯುವಂಥವು, ಇಲ್ಲವೇ ಸಾರ್ವಜನಿಕರಿಗೆ ಮೀಸಲಿಟ್ಟಂಥವು ಎಂಬ ಗೆರೆ ಇದೆ. ಹಾಗಾದರೆ ಗೌಡರ ತೋಟದ ಬಾವಿ? ಮಠದ ಹೊಂಡ? ನಮ್ಮ ಕಡೆ ಹುಡುಗರು ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿಯುವುದು ಇಂಥ ತೋಟದ ಬಾವಿಗಳಲ್ಲಿ. ಕೇರಿಯ ಹುಡುಗರು ಕಲಿತದ್ದು ಹಳ್ಳದ ಮಡುವಿನಲ್ಲಿ, ಬೆಂಡಿಲ್ಲದೆ, ನೋಡುವವರಿಲ್ಲದೆ. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಅದೂ ಇಲ್ಲ.

ಅಮೆರಿಕದ ಕರಿಯರ ಚರಿತ್ರೆಯಲ್ಲಿ ಇದೇ ನೀರು ಕಡಲದಂಡೆ ಮತ್ತು ಈಜುಕೊಳಗಳ ಹೆಸರಿನಲ್ಲಿ ಬರುತ್ತದೆ. 1919ರ ಜುಲೈನಲ್ಲಿ ಷಿಕಾಗೋದ ಸರೋವರದಲ್ಲಿ ಬಿಳಿಯರ ದಂಡೆಯತ್ತ ತೇಲಿಹೋದ 17 ವರ್ಷದ ಯೂಜಿನ್ ವಿಲಿಯಮ್ಸ್‌ಗೆ ಕಲ್ಲು ಬಿದ್ದವು, ಹುಡುಗ ಮುಳುಗಿ ಸತ್ತ. ಆಮೇಲಿನ ಗಲಭೆಯಲ್ಲಿ 38 ಜನ ಸತ್ತರು. 1964ರ ಜೂನ್ 18ರಂದು ಫ್ಲಾರಿಡಾದ ಸೇಂಟ್ ಅಗಸ್ಟೀನ್‌ನಲ್ಲಿ ಕರಿಯ, ಬಿಳಿಯ ಚಳವಳಿಗಾರರು ಒಂದು ಹೋಟೆಲಿನ ಕೊಳಕ್ಕೆ ಒಟ್ಟಿಗೆ ಇಳಿದಾಗ ಮ್ಯಾನೇಜರ್ ನೀರಿಗೆ ಆಸಿಡ್ ಸುರಿದ. ಮಹಾಡದಲ್ಲಿ ಗಂಜಲ, ಅಲ್ಲಿ ಆಸಿಡ್. ಮಿಸಿಸಿಪ್ಪಿಯ ಜ್ಯಾಕ್ಸನ್ ನಗರದ ಬುದ್ಧಿ ಇನ್ನೂ ನಯವಾದದ್ದು. ಎಲ್ಲರನ್ನೂ ಬಿಡಬೇಕಾಗುತ್ತದೆಂದು ಅದು ತನ್ನ ಕೊಳಗಳನ್ನೇ ಮುಚ್ಚಿತು. ಮುಚ್ಚಿದ್ದು ಇಬ್ಬರಿಗೂ ಸಮ, ಆದ್ದರಿಂದ ತಪ್ಪಿಲ್ಲ ಎಂದು ಸುಪ್ರೀಂ ಕೋರ್ಟು 1971ರಲ್ಲಿ 5-4ರ ಬಹುಮತದಿಂದ ಹೇಳಿತು. ಅನುಕೂಲಸ್ಥ ಬಿಳಿಯರು ತಮ್ಮ ಮನೆ, ಕ್ಲಬ್ಬುಗಳಲ್ಲಿ ಕೊಳ ತೋಡಿಕೊಂಡರು. ಅಲ್ಲಿನ ಈಜುಕೊಳಗಳಲ್ಲಿ ಮುಳುಗಿ ಸಾಯುವ ಕರಿಯ ಮಕ್ಕಳ ಪ್ರಮಾಣ ಬಿಳಿಯ ಮಕ್ಕಳದಕ್ಕಿಂತ ಇವತ್ತಿಗೂ ಹಲವು ಪಟ್ಟು ಹೆಚ್ಚು. ಅಜ್ಜನನ್ನು ನೀರಿಗೆ ಬಿಡದಿದ್ದರೆ ಮೊಮ್ಮಗನಿಗೆ ಈಜು ಕಲಿಸುವವರು ಯಾರು?

ನಮ್ಮಲ್ಲಿ ಬಾವಿ ಮುಚ್ಚಲಿಲ್ಲ, ಬೇರೆ ತೋಡಿದರು. 1932ರಲ್ಲಿ ಹರಿಜನ ಸೇವಕ ಸಂಘ ಹುಟ್ಟಿದಾಗ ಅಂಬೇಡ್ಕರರು ಹಡಗಿನಿಂದಲೇ ಎ.ವಿ. ಠಕ್ಕರ್ ಅವರಿಗೆ ನವೆಂಬರ್ 14ರಂದು ಕಾಗದ ಬರೆದರು. ಊರಬಾವಿ, ಶಾಲೆ, ಚಾವಡಿಗಳ ಪ್ರವೇಶಕ್ಕೆ ಚಳವಳಿ ಮಾಡಿ, ಅದರಿಂದ ಸಂಘರ್ಷವಾದರೆ ಆಗಲಿ ಎಂಬುದು ಅದರ ತಿರುಳು. ಸಂಘ ಆ ದಾರಿ ಹಿಡಿಯಲಿಲ್ಲ. ಕೇರಿಗೆ ಪ್ರತ್ಯೇಕ ಬಾವಿ ತೋಡುವುದು ಪುಣ್ಯದ ಕೆಲಸವೂ ಹೌದು, ಊರಿಗೆ ನೆಮ್ಮದಿಯೂ ಹೌದು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರಗಳು ಇದನ್ನೇ ಯೋಜನೆ ಮಾಡಿದವು. ಕೇರಿಗೊಂದು ಬಾವಿ, ಆಮೇಲೆ ಕೇರಿಗೊಂದು ಬೋರು, ಆಮೇಲೆ ಕೇರಿಗೊಂದು ಟಾಕಿ. ನೀರು ಬಂತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮವ್ವ ಬೇಡದೆ ನೀರು ತಂದದ್ದು ಅಂಥ ಬೋರಿನಿಂದಲೇ. ಆದರೆ ಊರಬಾವಿಯ ಪ್ರಶ್ನೆ ಇದ್ದಲ್ಲೇ ಉಳಿಯಿತು, ಸರ್ಕಾರದ ರೊಕ್ಕದಲ್ಲೇ.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಮಾತ್ರ ಬೇರೆ ಲೆಕ್ಕ. ಹುಣ್ಣಿಮೆಯ ಜಾತ್ರೆಯಲ್ಲಿ ಜೋಗುಳಬಾವಿ, ಎಣ್ಣೆಹೊಂಡಗಳ ನೂಕುನುಗ್ಗಲಿನೊಳಗೆ ಯಾರ ಜಾತಿ ಯಾರು ಕೇಳತಾರ? ಒಂದೇ ನೀರಲ್ಲಿ ಮುಳುಗಿ ಏಳುತ್ತಾರೆ. ಇದನ್ನು ಜನಪದದ ಸಮಾನತೆ ಎಂದು ಕೊಂಡಾಡುವ ಪ್ರಬಂಧಗಳನ್ನು ಓದಿದ್ದೇನೆ. ಅದೇ ಗುಡ್ಡಕ್ಕೆ ಮುತ್ತು ಕಟ್ಟಿಸಿಕೊಂಡು ಹೋದವರು ಹೆಚ್ಚಾಗಿ ಯಾವ ಕೇರಿಯ ಹೆಣ್ಣುಮಕ್ಕಳು, 1982ರಲ್ಲಿ ದೇವದಾಸಿ ನಿಷೇಧದ ಕಾಯ್ದೆ ಯಾಕೆ ಬೇಕಾಯಿತು ಎಂದು ಆ ಪ್ರಬಂಧಗಳು ಕೇಳುವುದಿಲ್ಲ.

ಕಾಯ್ದೆಗಳಿಗೇನೂ ಕೊರತೆ ಇಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 1976ರಲ್ಲಿ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಾಯಿತು. ಅದರಡಿ ನಮ್ಮದೇ ರಾಜ್ಯದ ಒಂದು ಬೋರಿನ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹೊಸದಾಗಿ ತೋಡಿದ ಬೋರಿಗೆ ನೀರಿಗೆ ಬಂದ ದಲಿತರನ್ನು ಬಂದೂಕು ತೋರಿಸಿ ತಡೆದಿದ್ದರು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಹೈಕೋರ್ಟು ಬಿಡುಗಡೆ ಮಾಡಿತು. ಕರ್ನಾಟಕ ಸರ್ಕಾರ ವಿರುದ್ಧ ಅಪ್ಪಾ ಬಾಳು ಇಂಗಳೆ ಎಂಬ ಈ ಪ್ರಕರಣದಲ್ಲಿ 1992ರ ಡಿಸೆಂಬರ್ 1ರಂದು ಕುಲದೀಪ್ ಸಿಂಗ್ ಮತ್ತು ಕೆ. ರಾಮಸ್ವಾಮಿ ಅವರ ಪೀಠ ಶಿಕ್ಷೆಯನ್ನು ಮತ್ತೆ ಊರ್ಜಿತಗೊಳಿಸಿತು. ಮಹಾಡದ ತೀರ್ಪಿನಲ್ಲಿ ಇಲ್ಲದ ಸಮಾನತೆಯ ಮಾತು ಇದರಲ್ಲಿ ಇದೆ. ಕಾನೂನು ಓದುವ ನಮ್ಮ ಹುಡುಗರು ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

2022ರ ನವೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬಳು ನೀರು ಕುಡಿದಳೆಂದು ಟಾಕಿಯ ನೀರು ಬಿಟ್ಟು ಗಂಜಲ ಹಾಕಿ ತೊಳೆದರು. ಮಹಾಡದಿಂದ 95 ವರ್ಷ. ಮರುತಿಂಗಳು ತಮಿಳುನಾಡಿನ ವೇಂಗೈವಯಲಿನಲ್ಲಿ ದಲಿತರ ಟಾಕಿಯಲ್ಲಿ ಮಲ ಸಿಕ್ಕಿತು. ಟಾಕಿ ಬೇರೆ ಮಾಡಿದರೆ ಜಗಳ ಇರುವುದಿಲ್ಲ ಎನ್ನುವವರು ಇದಕ್ಕೆ ಏನೆನ್ನುತ್ತಾರೋ.

ಈಗ ಮನೆಮನೆಗೆ ನಳ ಬರುತ್ತಿದೆ, ಬಾವಿಗಳಲ್ಲಿ ಕಸ ತುಂಬುತ್ತಿದೆ. ಹೂತುಹೋಗುವ ಮೊದಲು ಲೆಕ್ಕ ಬರೆದಿಡಬೇಕೆಂದು ಈ ವರ್ಷ ನನ್ನ ತರಗತಿಯ ಹುಡುಗ ಹುಡುಗಿಯರಿಗೆ ಒಂದು ಕೆಲಸ ಹಚ್ಚಿದ್ದೇನೆ. ತಮ್ಮ ಊರಿನ ಒಂದೊಂದು ಬಾವಿಯನ್ನೂ ಯಾರು ತೋಡಿಸಿದರು, ಯಾರ ರೊಕ್ಕದಲ್ಲಿ, ಹಗ್ಗ ಇಳಿಬಿಟ್ಟವರು ಯಾರು, ದೂರ ಕುಂತವರು ಯಾರು ಎಂದು ಮುದುಕಿಯರನ್ನು ಕೇಳಿ ಬರೆದು ತರಬೇಕು. ಮುದುಕರನ್ನಲ್ಲ. ನೀರು ಹೊತ್ತವರು ಅವರಲ್ಲ.